ಅರ್ಧ ಹಲ್ಲು

ಅಲ್ ಖೂದಿನ ವಾದಿಯಿಂದ
ಹತ್ತಿಯಲ್ಲಿ ಸುತ್ತಿಕೊಂಡು ಬಂದದ್ದು ಇಷ್ಟು:
ಹಲ್ಲೊಂದು, ಅದೂ ಅರ್ಧ.
ಬಾಲದ ಮಣಿಯೊಂದು,
ಒಂದು ಮಗ್ಗುಲು ಚೀಪಿದ ಪೆಪ್ಪರಮೆಂಟಿನಂತೆ ಸವೆದದ್ದು.
ಕಾಲೆಲುಬಿನ ತುದಿ. ಹಾಗಂತ ನಾವು ಕರೆಯುವುದು;
ಮೊಸಳೆಯದೂ ಇರಬಹುದು, ಬರೀ ಕಲ್ಲೂ ಇರಬಹುದು.

(ಇಲ್ಲಿ ವಾದಿಯೆಂದರೆ ಒಣಗಿದ ಹೊಳೆ,
ಕೋರ್ಟಿನ ವಾದಿಯಲ್ಲ.
ಆದರೂ ಸಾಕ್ಷಿ ತಂದು ಹಾಕಿದ್ದು ಅದೇ,
ಉರುಳಿಸಿ, ಉಜ್ಜಿ, ಅರ್ಧ ಮರೆತು.)

"ಮೂರೂ ಒಂದೇ ಪ್ರಾಣಿಯದಾ?" ಕೇಳಿದೆ.
ಡಾಕ್ಟರ್ ರಾಯಾ ಅಲ್ ಮಾವಲಿ ಕನ್ನಡಕ ತೆಗೆದು ಒರೆಸಿಕೊಂಡಳು.
"ಒಂದೇ ಹೊಳೆಯದು, ಮುಅಲ್ಲಿಮ್ ಶೀನ. ಅಷ್ಟು ಹೇಳಬಲ್ಲೆ."

ನಾನು ಮುಅಲ್ಲಿಮನಲ್ಲ. ರೂವಿಯ ದವಾಖಾನೆಯ ಹಿಂಕೋಣೆಯಲ್ಲಿ
ಇಪ್ಪತ್ತಮೂರು ವರ್ಷ ಹಲ್ಲಿನ ಸೆಟ್ಟು ಕಟ್ಟಿದವನು.
ದವಾಖಾನೆ ಮುಚ್ಚಿತು; ನನ್ನ ಸೂಜಿ, ಬ್ರಶ್ಶು, ಅಂಟು
ಇಲ್ಲಿಯ ಕೆಲಸಕ್ಕೂ ಆಗುತ್ತವೆಂದು ಯಾರೋ ಕಂಡುಹಿಡಿದರು.
ರೆಸಿಡೆಂಟ್ ಕಾರ್ಡಿನಲ್ಲಿ ನನ್ನ ವೃತ್ತಿ: ಸಾಮಾನ್ಯ ಸಹಾಯಕ.
ಅದೂ ಒಂದು ವರ್ಗೀಕರಣ.

ಹಿಂಬದಿಯ ಅಂಚಿನಲ್ಲಿ ಗರಗಸ.
ಐದು ಮಿಲಿಮೀಟರಿಗೆ ಹನ್ನೆರಡು, ಹಲ್ಲಿನ ಮೇಲೆ ಹಲ್ಲು.
ಮೂರು ಸಲ ಎಣಿಸಿದೆ, ಎರಡು ಸಲ ಹನ್ನೆರಡು ಬಂತು.
ಮುಂಬದಿ ನುಣುಪು: ಮಾಂಸ ಸವೆಸಿತೋ, ನೀರು ಸವೆಸಿತೋ.
ನರ್ಮದೆಯ ಕಡೆ ಸಿಕ್ಕ ಹಲ್ಲುಗಳ ಚಿತ್ರ ಪಕ್ಕಕ್ಕಿಟ್ಟಳು.
ನನಗೆ ಸುಮ್ಮನೆ ಖುಷಿಯಾಯಿತು, ನಮ್ಮ ಕಡೆಯದು!
ಮಡಗಾಸ್ಕರಿನದೂ ಇಟ್ಟಳು, ಮೊರೊಕ್ಕೊದ್ದೂ ಇಟ್ಟಳು.
ಎಲ್ಲವೂ ಹೋಲುತ್ತವೆ, ಯಾವುದೂ ಅದಲ್ಲ.
"ಆಗ ನಿಮ್ಮ ದೇಶ ಇನ್ನೂ ಕಡಲಲ್ಲಿ ತೇಲುತ್ತಿತ್ತು" ಅಂದಳು,
ಯಾರದೋ ತಪ್ಪಿಹೋದ ದೋಣಿಯ ಸುದ್ದಿ ಹೇಳಿದ ಹಾಗೆ.

ಅನ್ನ ಬೆಂದಿದೆಯೋ ನೋಡಲು ಒಂದಗುಳು ಸಾಕು, ನಿಜ.
ಅದು ಅನ್ನವೆಂದು ಮೊದಲೇ ಗೊತ್ತಿರಬೇಕು.

ದೊಡ್ಡ ಕಚೇರಿಯವರು ಅತ್ತರಿನ ಹಿಂದೆ ಹಿಂದೆ ಒಳಬಂದರು.
ಹೊಸ ಹಾಲಿಗೆ ಬಾಯ್ತೆರೆದ ತಲೆಯೊಂದು ಬೇಕು, ಹೆಸರು ಬೇಕು,
ನಾಲಿಗೆ ಹೊರಳದ ಲ್ಯಾಟಿನ್ನು, ಅದರಲ್ಲೆಲ್ಲೋ ಒಮಾನ್ ಅಂತ ಬರಬೇಕು.
ಅವಳು ಕರಕ್ ಚಹಾ ಕೊಟ್ಟು ಕಳಿಸಿದಳು.

ಆ ಗುರುವಾರ ರಾತ್ರಿ, ಸುಳ್ಳೇಕೆ, ನಾನು ಮಾಡಿದೆ.
ಸೆಟ್ಟಿನ ಗುಲಾಬಿ ಮೇಣ ಕರಗಿಸಿ ಮೊಳದುದ್ದದ ದವಡೆ,
ಅಚ್ಚು ತೆಗೆದ ಅರ್ಧ ಹಲ್ಲು ನಟ್ಟನಡುವೆ,
ಉಳಿದವು ನನ್ನ ಕೈಯಳತೆ, ನನ್ನ ಅಭ್ಯಾಸ.
ಚಂದವಿತ್ತು. ಹೆದರಿಕೆಯೂ ಬಂತು.
ದೀಪ ಆರಿಸುವಾಗ ನೆನಪಾದ, ಸೂರಿನ ನಾಖುದಾ ಖಮೀಸ್:
ಬಾಯಲ್ಲಿ ಒಂದೇ ಕೋರೆಹಲ್ಲು ಉಳಿದಿದ್ದವನು.
ಫೋಟೋ ಇರಲಿಲ್ಲ. ಆ ಒಂದರಿಂದ
ಇಪ್ಪತ್ತೇಳು ಕಟ್ಟಿದ್ದೆ, ಕೂದಲೆಳೆ ತಪ್ಪದಂತೆ.
ಹಾಕಿಕೊಂಡು ನಕ್ಕ.
ಅವನ ಹೆಂಡತಿ ಮುಸುಕಿನೊಳಗಿಂದ ತುಂಬ ಹೊತ್ತು ನೋಡಿ,
"ಹಲ್ಲು ಚೆನ್ನಾಗಿದೆ. ನಗು ಯಾರದು?"

ಮೇಣ ಮತ್ತೆ ಬಾಣಲೆಗೆ ಹೋಯಿತು.

ಭಾನುವಾರ ಅವಳು ಚೀಟಿ ಬರೆದಳು.
ಥೆರೊಪೊಡ, ಅಲ್ಲಿಯತನಕ ಪೆನ್ನು ಸಲೀಸಾಗಿ ಓಡಿತು.
ಕುಲ: ಅನಿರ್ದಿಷ್ಟ.
ಜಾತಿ: ಅನಿರ್ದಿಷ್ಟ.
ಹೀಗೆ ತುಂಬಿದ ಅರ್ಜಿಯನ್ನು
ನಮ್ಮ ಬೈಂದೂರಿನ ಯಾವ ಕಚೇರಿಯಲ್ಲೂ ನಾನು ಕಂಡಿಲ್ಲ.

"ಪೆಟ್ಟಿಗೆ ಎಷ್ಟು ದೊಡ್ಡದು ಮಾಡಲಿ?"
ಹಲ್ಲು ನನ್ನ ಹೆಬ್ಬೆರಳಿನಷ್ಟು.
ಅವಳು ಎರಡೂ ಕೈ ಅಗಲಿಸಿದಳು,
ಇನ್ನೂ ಸ್ವಲ್ಪ ಅಗಲಿಸಿದಳು,
ಮೇಜು ಮುಗಿಯಿತು.